ಸ್ಮಾರ್ಟ್ ಹೋಮ್ ಹಬ್: ಮನೆಯ ಸೂತ್ರ ಯಾರ ಕೈಯಲ್ಲಿರಬೇಕು?

ದೀಪ, ಫ್ಯಾನು, ಗೀಸರ್, ನೀರೆತ್ತುವ ಮೋಟರ್, ಬಾಗಿಲ ಬೀಗ, ಹೊಗೆಯನ್ನು ಪತ್ತೆಹಚ್ಚುವ ಸೆನ್ಸರ್ ಮುಂತಾದ ಸಾಧನಗಳ ನಡುವೆ ಸಂದೇಶಗಳನ್ನು ಸಾಗಿಸುತ್ತ, ಮನೆಯವರು ಹಾಕಿಕೊಟ್ಟ ನಿಯಮಗಳಂತೆ ಅವುಗಳನ್ನು ನಡೆಸುವ ಪುಟ್ಟ ಕಂಪ್ಯೂಟರಿಗೆ ಸ್ಮಾರ್ಟ್ ಹೋಮ್ ಹಬ್ ಎಂದು ಹೆಸರು. ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆಯ ರೂಪದಲ್ಲಿ ಅದು ಪ್ರತ್ಯೇಕವಾಗಿ ಸಿಗಬಹುದು, ಮಾತು ಕೇಳಿಸಿಕೊಳ್ಳುವ ಸ್ಪೀಕರ್‌ನೊಳಗೆ ಅಡಗಿರಬಹುದು, ಇಲ್ಲವೇ ಮೂಲೆಯಲ್ಲಿಟ್ಟ ಹಳೆಯ ಕಂಪ್ಯೂಟರಿನಲ್ಲಿ ಓಡುವ ಒಂದು ತಂತ್ರಾಂಶವಷ್ಟೇ ಆಗಿರಬಹುದು. ಹೆಚ್ಚಿನವರು ಮೊದಲು ಒಂದೆರಡು ಬಲ್ಬು, ಒಂದು ಪ್ಲಗ್, ಒಂದು ಕ್ಯಾಮೆರಾ ಕೊಂಡು, ಪ್ರತಿಯೊಂದಕ್ಕೂ ಫೋನಿನಲ್ಲಿ ಒಂದೊಂದು ಆ್ಯಪ್ ತುಂಬಿಸಿಕೊಂಡು, ಅವು ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಗೊಂದಲವಾದ ಮೇಲೆ ಹಬ್‌ನ ವಿಚಾರಕ್ಕೆ ಬರುತ್ತಾರೆ. ಹಬ್ ಯಾವುದು ಎಂಬುದು ಮೊದಲೇ ತೀರ್ಮಾನವಾಗಿದ್ದರೆ ಆ ಬಲ್ಬು ಪ್ಲಗ್‌ಗಳಲ್ಲಿ ಕೆಲವನ್ನಾದರೂ ಅವರು ಕೊಳ್ಳುತ್ತಿರಲಿಲ್ಲ.

ಹಬ್ ಮಾಡುವ ಕೆಲಸಗಳು ಮುಖ್ಯವಾಗಿ ಮೂರು. ಬೇರೆ ಬೇರೆ ರೇಡಿಯೊ ಭಾಷೆಗಳಲ್ಲಿ ಮಾತನಾಡುವ ಸಾಧನಗಳನ್ನು ಒಂದೆಡೆ ತರುವುದು ಮೊದಲನೆಯದು. ಮನೆಯ ಹೊರಗಿರುವಾಗ ಫೋನಿನ ಮೂಲಕ ಅವುಗಳನ್ನು ತಲುಪುವ ದಾರಿ ಮಾಡಿಕೊಡುವುದು ಎರಡನೆಯದು. ‘ಸಂಜೆಯಾದ ಮೇಲೆ ಮುಂಬಾಗಿಲು ತೆರೆದರೆ ಪಡಸಾಲೆಯ ದೀಪ ಹತ್ತಲಿ’ ಎಂಬಂಥ ನಿಯಮಗಳನ್ನು ನೆನಪಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ಜಾರಿಗೊಳಿಸುವುದು ಮೂರನೆಯದು. ಅಂಗಡಿಯ ಜಾಹೀರಾತುಗಳು ಮೊದಲೆರಡನ್ನು ದೊಡ್ಡದಾಗಿ ಹೇಳಿ ಮೂರನೆಯದನ್ನು ಸದ್ದಿಲ್ಲದೆ ದಾಟಿಸಿಬಿಡುತ್ತವೆ. ಆದರೆ ಆಯ್ಕೆಯ ಮರ್ಮವಿರುವುದು ಅಲ್ಲಿಯೇ, ಏಕೆಂದರೆ ಆ ನಿಯಮ ಮನೆಯೊಳಗಿನ ಪೆಟ್ಟಿಗೆಯಲ್ಲಿಯೇ ಕುಳಿತು ಕೆಲಸ ಮಾಡುತ್ತದೆಯೋ ಅಥವಾ ಸಾವಿರಾರು ಮೈಲಿ ದೂರದ ಕಂಪನಿಯೊಂದರ ಸರ್ವರ್‌ನಲ್ಲಿ ಕುಳಿತು ಇಂಟರ್ನೆಟ್ ಮೂಲಕ ಅಪ್ಪಣೆ ಕಳಿಸುತ್ತದೆಯೋ ಎಂಬುದು ಪೆಟ್ಟಿಗೆಯನ್ನು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಮೊದಲ ಬಗೆಯನ್ನು ಸ್ಥಳೀಯ ನಿಯಂತ್ರಣವೆಂದೂ ಎರಡನೆಯದನ್ನು ಕ್ಲೌಡ್ ನಿಯಂತ್ರಣವೆಂದೂ ಕರೆಯುತ್ತಾರೆ.

ಈ ವ್ಯತ್ಯಾಸ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಅಮೆರಿಕದ ಮಾರುಕಟ್ಟೆಯ ಕಳೆದ ದಶಕದ ಇತಿಹಾಸವೇ ಸಾಕ್ಷಿ. ಕೊಲರಾಡೊ ರಾಜ್ಯದ ಬೌಲ್ಡರ್ ಊರಿನ ರಿವಾಲ್ವ್ ಎಂಬ ಸಂಸ್ಥೆ ಏಳು ರೇಡಿಯೊಗಳನ್ನು ಒಳಗೊಂಡ ಹಬ್ ಒಂದನ್ನು 299 ಡಾಲರಿಗೆ ಮಾರುತ್ತಿತ್ತು. 2014ರ ಅಕ್ಟೋಬರ್‌ನಲ್ಲಿ ಗೂಗಲ್ ಒಡೆತನದ ನೆಸ್ಟ್ ಅದನ್ನು ಕೊಂಡು ಮಾರಾಟ ನಿಲ್ಲಿಸಿತು, 2016ರ ಮೇ 15ರಂದು ಸರ್ವರ್‌ಗಳನ್ನೂ ಮುಚ್ಚಿತು. ಅಂದಿನಿಂದ ಆ ಪೆಟ್ಟಿಗೆಗಳು, ಯಾವ ಭಾಗವೂ ಕೆಡದಿದ್ದರೂ, ಏನನ್ನೂ ಮಾಡಲಾರದಂತಾದವು. ಲೋಸ್ ಎಂಬ ದೊಡ್ಡ ಗೃಹೋಪಕರಣ ಮಳಿಗೆಗಳ ಸರಣಿಯು ತನ್ನ ಐರಿಸ್ ಎಂಬ ವ್ಯವಸ್ಥೆಯನ್ನು 2019ರ ಮಾರ್ಚ್ 31ರಂದು ಮುಚ್ಚಿತು. ವಿಂಕ್ ಎಂಬ ಕಂಪನಿ ಸಾಧನವನ್ನು ಮಾರುವಾಗ ತಿಂಗಳ ಬಾಡಿಗೆಯಿಲ್ಲ ಎಂದಿದ್ದು, 2020ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ತಿಂಗಳಿಗೆ 4.99 ಡಾಲರ್ ಕೊಡದವರ ನಿಯಮಗಳೂ ಆ್ಯಪ್ ಸಂಪರ್ಕವೂ ನಿಲ್ಲುತ್ತವೆ ಎಂದು ಘೋಷಿಸಿತು.

ಇವೆಲ್ಲಕ್ಕಿಂತ ಹೆಚ್ಚು ಕಲಿಸುವುದು ಇನ್‌ಸ್ಟಿಯಾನ್ ಪ್ರಕರಣ. 2022ರ ಏಪ್ರಿಲ್ ನಡುವಿನಲ್ಲಿ ಆ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯೇ ಇಲ್ಲದೆ ನಿಂತುಹೋದವು. ಬಳಕೆದಾರರ ಆ್ಯಪ್‌ಗಳು ಬರಿಯ ಕಾಯುವ ಚಿಹ್ನೆ ತೋರಿಸತೊಡಗಿದವು. ಆದರೂ ಗೋಡೆಯ ಸ್ವಿಚ್ಚನ್ನು ನೇರವಾಗಿ ದೀಪದೊಂದಿಗೆ ಜೋಡಿಸಿಕೊಂಡಿದ್ದ ಮನೆಗಳಲ್ಲಿ ಆ ಜೋಡಣೆ ಎಂದಿನಂತೆ ಕೆಲಸ ಮಾಡಿತು, ಮನೆಯ ಜಾಲದೊಳಗಿನಿಂದಲೇ ಹಬ್ಬನ್ನು ತಲುಪುವ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶವನ್ನು ಬಳಸುತ್ತಿದ್ದವರಿಗೂ ತೊಂದರೆಯಾಗಲಿಲ್ಲ, ಮತ್ತು ಏನೋ ಕೆಟ್ಟಿದೆಯೆಂದು ಭಾವಿಸಿ ಹಬ್ಬನ್ನು ಕಾರ್ಖಾನೆಯ ಮೂಲಸ್ಥಿತಿಗೆ ಮರಳಿಸಿದವರು ಮಾತ್ರ ಅದನ್ನು ಮತ್ತೆ ಚಾಲೂ ಮಾಡಲಾಗದೆ ಪೂರ್ತಿ ಕಳೆದುಕೊಂಡರು. ಅದೇ ವರ್ಷದ ಜೂನ್‌ನಲ್ಲಿ ಬಳಕೆದಾರರದೇ ಒಂದು ಗುಂಪು ಕಂಪನಿಯನ್ನು ಕೊಂಡು ಸೇವೆಯನ್ನು ಪುನರಾರಂಭಿಸಿತು. ಅಂಥ ಅದೃಷ್ಟ ಉಳಿದ ಸಂಸ್ಥೆಗಳ ಗ್ರಾಹಕರಿಗೆ ಬರಲಿಲ್ಲ.

ಕಂಪನಿ ಮುಚ್ಚಲೇಬೇಕೆಂದೇನೂ ಇಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ವೆಬ್ ಸೇವೆಗಳ ಅಮೆರಿಕದ ಕೇಂದ್ರವೊಂದರಲ್ಲಿ ದೋಷ ಉಂಟಾದಾಗ ಅಲೆಕ್ಸಾ ಸ್ಪೀಕರ್‌ಗಳು, ರಿಂಗ್ ಕ್ಯಾಮೆರಾಗಳು ಗಂಟೆಗಟ್ಟಲೆ ಸರಿಯಾಗಿ ಪ್ರತಿಕ್ರಿಯಿಸಲಿಲ್ಲ. ಕರ್ನಾಟಕದ ಮನೆಗಳಲ್ಲಿ ಅಷ್ಟು ದೂರದ ದೋಷವೂ ಬೇಕಿಲ್ಲ, ಬೀದಿಯಲ್ಲಿ ಯಾರೋ ಗುಂಡಿ ತೋಡುವಾಗ ಫೈಬರ್ ಕೇಬಲ್ ತುಂಡಾದರೆ ಸಾಕು. ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವ ಮೋಟರನ್ನು, ಟ್ಯಾಂಕಿನಲ್ಲಿಟ್ಟ ಮಟ್ಟದ ಸೆನ್ಸರ್ ‘ತುಂಬಿತು’ ಎಂದಾಗ ನಿಲ್ಲಿಸುವಂತೆ ನಿಯಮ ಹಾಕಿದ ಮನೆಯನ್ನು ಊಹಿಸಿಕೊಂಡರೆ, ಆ ನಿಯಮ ಕ್ಲೌಡ್‌ನಲ್ಲಿದ್ದು ಮೋಟರ್ ಓಡುತ್ತಿರುವಾಗಲೇ ಇಂಟರ್ನೆಟ್ ಹೋದರೆ ನೀರು ಛಾವಣಿಯಿಂದ ಸುರಿಯುತ್ತಲೇ ಇರುತ್ತದೆ, ಸಂಪು ಬರಿದಾದ ಮೇಲೆ ಮೋಟರೂ ಸುಟ್ಟುಹೋಗಬಹುದು. ಬಣ್ಣ ಬದಲಿಸುವ ದೀಪ ಅರ್ಧ ದಿನ ಮಾತು ಕೇಳದಿದ್ದರೆ ಯಾರಿಗೂ ನಷ್ಟವಿಲ್ಲ. ನೀರು, ಬೆಂಕಿ, ಬೀಗ ಇವುಗಳಿಗೆ ಸಂಬಂಧಿಸಿದ ನಿಯಮಗಳನ್ನು ಮಾತ್ರ ಮನೆಯ ಹೊರಗಿನ ಯಂತ್ರಕ್ಕೆ ಒಪ್ಪಿಸುವುದು ವಿವೇಕವಲ್ಲ.

ಇನ್ನು ರೇಡಿಯೊಗಳ ವಿಚಾರ. ಎಲ್ಲರಿಗೂ ಪರಿಚಿತವಾದ ವೈ-ಫೈ ಹೆಚ್ಚು ದತ್ತಾಂಶವನ್ನು ಸಾಗಿಸಬಲ್ಲದಾದ್ದರಿಂದ ಕ್ಯಾಮೆರಾಗೆ ಅದೇ ತಕ್ಕದ್ದು, ಆದರೆ ಅದು ವಿದ್ಯುತ್ತನ್ನು ಧಾರಾಳವಾಗಿ ಬಳಸುವ ಕಾರಣ ಬಾಗಿಲಿಗೆ ಅಂಟಿಸುವ ಗುಂಡಿ ಬ್ಯಾಟರಿಯ ಸೆನ್ಸರ್‌ಗೆ ಒಗ್ಗುವುದಿಲ್ಲ. ಕಡಿಮೆ ವಿದ್ಯುತ್ತಿನಲ್ಲಿ ಚಿಕ್ಕ ಸಂದೇಶಗಳನ್ನು ಕಳಿಸಲೆಂದೇ ರೂಪುಗೊಂಡ ಮೂರು ವ್ಯವಸ್ಥೆಗಳು ಜಿಗ್‌ಬೀ, ಝೀ-ವೇವ್ ಮತ್ತು ಥ್ರೆಡ್. ಮೂರೂ ‘ಮೆಶ್’ ಎಂಬ ತತ್ವದ ಮೇಲೆ ನಡೆಯುತ್ತವೆ: ಸದಾ ಕರೆಂಟಿಗೆ ಜೋಡಿಸಿರುವ ಪ್ರತಿ ಸಾಧನವೂ ತನ್ನ ಸಂದೇಶದ ಜೊತೆಗೆ ನೆರೆಯ ಸಾಧನದ ಸಂದೇಶವನ್ನೂ ಮುಂದಕ್ಕೆ ದಾಟಿಸುವುದರಿಂದ, ಹಬ್‌ಗೆ ನೇರವಾಗಿ ಎಟುಕದ ಮೂಲೆಯ ಕೋಣೆಯೂ ಕೈಯಿಂದ ಕೈಗೆ ಸಾಗಿದ ಸಂದೇಶದಿಂದ ತಲುಪುತ್ತದೆ. ಬ್ಯಾಟರಿಯಲ್ಲಿ ನಡೆಯುವ ಸಾಧನಗಳು ಹೀಗೆ ದಾಟಿಸುವ ಕೆಲಸ ಮಾಡುವುದಿಲ್ಲ ಎಂಬುದನ್ನು ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದು ಕಟ್ಟುವ ಅಮೆರಿಕದ ಮನೆಗಳನ್ನು ಗಮನದಲ್ಲಿಟ್ಟು ಪೆಟ್ಟಿಗೆಯ ಮೇಲೆ ಬರೆದಿರುವ ದೂರದ ಲೆಕ್ಕ ಇಟ್ಟಿಗೆಯ ಗೋಡೆ, ಕಬ್ಬಿಣ ಸರಳಿನ ಕಾಂಕ್ರೀಟ್ ಛಾವಣಿಯ ಮನೆಗಳಿಗೆ ಹೊಂದುವುದಿಲ್ಲವಾದ್ದರಿಂದ, ಎರಡು ಅಂತಸ್ತಿನ ಮನೆಯಲ್ಲಿ ಮೆಟ್ಟಿಲ ಬಳಿ ಸದಾ ಕರೆಂಟಿನಲ್ಲಿರುವ ಒಂದು ಪ್ಲಗ್ಗನ್ನು ಸಂದೇಶ ದಾಟಿಸಲೆಂದೇ ಇಡಬೇಕಾಗಿ ಬರುವುದು ಸಾಮಾನ್ಯ.

ಜಿಗ್‌ಬೀ ಇವುಗಳಲ್ಲಿ ಅಗ್ಗದ್ದು. 2002ರಲ್ಲಿ ಆರಂಭವಾದ ಜಿಗ್‌ಬೀ ಅಲಯನ್ಸ್ ಎಂಬ ಒಕ್ಕೂಟ ಅದನ್ನು ಬೆಳೆಸಿತು. ಅದು ಬಳಸುವುದು 2.4 ಗಿಗಾಹರ್ಟ್ಸ್ ತರಂಗವನ್ನು, ಅಂದರೆ ವೈ-ಫೈ, ಬ್ಲೂಟೂತ್ ಮತ್ತು ಮೈಕ್ರೋವೇವ್ ಒಲೆ ಇರುವ ಬೀದಿಯಲ್ಲಿಯೇ ಅದರ ವಾಸ. ಆದುದರಿಂದ ಜಿಗ್‌ಬೀ ಹಬ್ಬನ್ನು ವೈ-ಫೈ ರೂಟರ್‌ಗೆ ಅಂಟಿಸಿ ಇಡದೆ ಒಂದೆರಡು ಮೀಟರ್ ದೂರವಿಡುವುದು, ಎರಡರ ಚಾನೆಲ್‌ಗಳೂ ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವುದು ಅಗತ್ಯ. ಥ್ರೆಡ್ ಕೂಡ ಅದೇ ತರಂಗದಲ್ಲಿ, ಅದೇ ತಳಹದಿಯ ಮೇಲೆ ನಡೆಯುತ್ತದಾದರೂ ಅದರ ಪ್ರತಿ ಸಾಧನಕ್ಕೂ ಇಂಟರ್ನೆಟ್ ಮಾದರಿಯ ವಿಳಾಸವಿರುತ್ತದೆ. ಆ ಜಾಲವನ್ನು ಮನೆಯ ವೈ-ಫೈ ಜಾಲಕ್ಕೆ ಸೇರಿಸುವ ಸಾಧನಕ್ಕೆ ಬಾರ್ಡರ್ ರೂಟರ್ ಎಂದು ಹೆಸರು, ಆಪಲ್‌ನ ಹೋಮ್‌ಪಾಡ್ ಮಿನಿ ಮತ್ತು ಗೂಗಲ್‌ನ ಎರಡನೆಯ ಪೀಳಿಗೆಯ ನೆಸ್ಟ್ ಹಬ್ ಆ ಕೆಲಸವನ್ನು ಮಾಡುತ್ತವೆ. 

ಡೆನ್ಮಾರ್ಕ್ ಮೂಲದ ಝೀ-ವೇವ್ ಈ ದಟ್ಟಣೆಯಿಂದ ದೂರ ಉಳಿದು ಕೆಳಗಿನ ತರಂಗಗಳನ್ನು ಆರಿಸಿಕೊಂಡದ್ದರಿಂದ ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತದೆ. ಆದರೆ ಆ ತರಂಗಗಳು ದೇಶದಿಂದ ದೇಶಕ್ಕೆ ಬೇರೆಯಾಗಿರುವುದು ಕನ್ನಡಿಗರ ಹಲವು ಕುಟುಂಬಗಳು ಲಕ್ಷ್ಯ ಕೊಡಬೇಕಾದ ಸಂಗತಿ. ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಲು ಬಿಟ್ಟಿರುವ 865 ಮೆಗಾಹರ್ಟ್ಸ್ ಆಸುಪಾಸಿನ ಪಟ್ಟಿಯಲ್ಲಿ, 865.2ರಲ್ಲಿ, ಇಲ್ಲಿನ ಝೀ-ವೇವ್ ನಡೆಯುತ್ತದೆ, ಅಮೆರಿಕದ್ದು 908.42ರಲ್ಲಿ. ಈ ಎರಡನೆಯ ಸಂಖ್ಯೆ ಭಾರತದಲ್ಲಿ ಮೊಬೈಲ್ ಫೋನುಗಳಿಂದ ಟವರಿಗೆ ಹೋಗುವ ಸಂಕೇತಗಳಿಗೆ ಮೀಸಲಾದ ಪಟ್ಟಿಯೊಳಗೆ ಬೀಳುತ್ತದೆ. ಹೀಗಾಗಿ ಅಮೆರಿಕದಲ್ಲಿರುವ ಮಗನೋ ಮಗಳೋ ರಜೆಗೆ ಬರುವಾಗ ಪ್ರೀತಿಯಿಂದ ತಂದುಕೊಡುವ ಝೀ-ವೇವ್ ಬೀಗ, ಸ್ವಿಚ್ಚುಗಳು ಇಲ್ಲಿನ ಹಬ್‌ನೊಂದಿಗೆ ಮಾತನಾಡುವುದೂ ಇಲ್ಲ, ಇಲ್ಲಿ ಬಳಸುವುದು ಕಾನೂನಿಗೆ ಸಮ್ಮತವೂ ಅಲ್ಲ. ಅವು 120 ವೋಲ್ಟಿಗೆ ಮಾಡಿದ ಸ್ವಿಚ್ಚುಗಳಾಗಿದ್ದರೆ ಇಲ್ಲಿನ 230 ವೋಲ್ಟಿಗೆ ಸುಟ್ಟೂ ಹೋದಾವು. ಜಿಗ್‌ಬೀಯ 2.4 ಗಿಗಾಹರ್ಟ್ಸ್ ಲೋಕಕ್ಕೆಲ್ಲ ಒಂದೇ ಆಗಿರುವುದರಿಂದ ಬ್ಯಾಟರಿಯ ಸೆನ್ಸರ್‌ಗಳಿಗೆ ಈ ತೊಡಕಿಲ್ಲ. ಭಾರತದ ಮಾರುಕಟ್ಟೆಯಲ್ಲಿ ಝೀ-ವೇವ್ ಸಾಧನಗಳ ಆಯ್ಕೆಯೂ ಕಿರಿದಾಗಿರುವ ಕಾರಣ, ಹೊಸದಾಗಿ ಶುರುಮಾಡುವವರು ಅದನ್ನು ಬಿಟ್ಟರೆ ನಷ್ಟವೇನಿಲ್ಲ.

ಇಷ್ಟೊಂದು ಭಾಷೆಗಳ ಗೊಂದಲಕ್ಕೆ ಉತ್ತರವಾಗಿ ಅಮೆಜಾನ್, ಆಪಲ್, ಗೂಗಲ್ ಮತ್ತು ಜಿಗ್‌ಬೀ ಅಲಯನ್ಸ್ 2019ರ ಡಿಸೆಂಬರ್‌ನಲ್ಲಿ ಒಂದು ಜಂಟಿ ಯೋಜನೆಯನ್ನು ಪ್ರಕಟಿಸಿದವು. 2021ರಲ್ಲಿ ಅದಕ್ಕೆ ಮ್ಯಾಟರ್ ಎಂಬ ಹೆಸರಾಯಿತು, 2022ರ ಅಕ್ಟೋಬರ್‌ನಲ್ಲಿ ಮೊದಲ ಆವೃತ್ತಿ ಹೊರಬಂತು. ಮ್ಯಾಟರ್ ರೇಡಿಯೊ ಅಲ್ಲ, ವೈ-ಫೈ, ಥ್ರೆಡ್ ಅಥವಾ ಈಥರ್ನೆಟ್ ತಂತಿಯ ಮೇಲೆ ಸಾಗುವ ಸಾಮಾನ್ಯ ಭಾಷೆ. ಅದರ ಎರಡು ಗುಣಗಳು ಗ್ರಾಹಕರಿಗೆ ನಿಜಕ್ಕೂ ಉಪಕಾರಿ: ಸಾಧನ ಮತ್ತು ಹಬ್‌ನ ನಡುವಿನ ಮಾತುಕತೆ ಮನೆಯೊಳಗೇ ನಡೆಯುತ್ತದೆ, ಮತ್ತು ಒಂದೇ ಸಾಧನವನ್ನು ಏಕಕಾಲಕ್ಕೆ ಬೇರೆ ಬೇರೆ ಕಂಪನಿಗಳ ವ್ಯವಸ್ಥೆಗಳಿಗೆ ಸೇರಿಸಬಹುದು. ಗಂಡನ ಕೈಯಲ್ಲಿ ಐಫೋನ್, ಹೆಂಡತಿಯ ಕೈಯಲ್ಲಿ ಆಂಡ್ರಾಯ್ಡ್ ಇರುವ ಮನೆಗೆ ಇದೊಂದೇ ಸಾಕು. ಆದರೆ ಪೆಟ್ಟಿಗೆಯ ಮೇಲೆ ಮ್ಯಾಟರ್ ಮುದ್ರೆಯಿದ್ದ ಮಾತ್ರಕ್ಕೆ ಎಲ್ಲವೂ ಎಲ್ಲದರೊಡನೆ ಕೂಡಿಕೊಳ್ಳುತ್ತದೆ ಎಂದು ನಂಬುವುದು ಅವಸರದ ಮಾತಾಗುತ್ತದೆ. ಮೊದಲ ಆವೃತ್ತಿಯಲ್ಲಿ ಕ್ಯಾಮೆರಾಗಳೇ ಇರಲಿಲ್ಲ; ಏಸಿ, ವಾಷಿಂಗ್ ಮೆಷಿನ್, ಫ್ರಿಜ್ಜುಗಳು 2023ರ ಆವೃತ್ತಿಯಲ್ಲಿ ಸೇರಿದವು; ಒಂದು ಬಗೆಯ ಸಾಧನವನ್ನು ಮ್ಯಾಟರ್ ಒಪ್ಪಿಕೊಂಡರೂ ಕೊಂಡ ಹಬ್ ಅದನ್ನು ಒಪ್ಪಿಕೊಳ್ಳಲು ತಿಂಗಳುಗಳೋ ವರ್ಷಗಳೋ ಹಿಡಿಯುತ್ತವೆ. ಥ್ರೆಡ್ ಮೇಲೆ ನಡೆಯುವ ಮ್ಯಾಟರ್ ಬಲ್ಬನ್ನು ಬಾರ್ಡರ್ ರೂಟರ್ ಇಲ್ಲದ ಮನೆಗೆ ತಂದರೆ ಅದು ಆ ಮನೆಯ ಜಾಲವನ್ನು ಸೇರುವುದೇ ಇಲ್ಲ, ಮುದ್ರೆ ಎಷ್ಟೇ ದೊಡ್ಡದಾಗಿದ್ದರೂ.

ಮಾರುಕಟ್ಟೆಯಲ್ಲಿರುವ ಹಬ್‌ಗಳನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. ಅಮೆಜಾನ್‌ನ ಎಕೋ ಸ್ಪೀಕರ್‌ಗಳಲ್ಲಿ ಕೆಲವಕ್ಕೆ ಜಿಗ್‌ಬೀ ರೇಡಿಯೊ ಅಂತರ್ಗತವಾಗಿದ್ದು, ಪ್ರತ್ಯೇಕ ಪೆಟ್ಟಿಗೆಯ ಖರ್ಚಿಲ್ಲದೆ ಆರಂಭಿಸಲು ಅದು ಸುಲಭದ ದಾರಿ. ಆದರೆ ಆಡಿದ ಮಾತು ಬಹುಮಟ್ಟಿಗೆ ಕಂಪನಿಯ ಸರ್ವರ್‌ಗೆ ಹೋಗಿಯೇ ಅರ್ಥವಾಗಬೇಕು, ಅಲ್ಲಿ ಹಾಕಿದ ಹೆಚ್ಚಿನ ನಿಯಮಗಳಿಗೂ ಇಂಟರ್ನೆಟ್ ಬೇಕು. ಆಪಲ್ ವ್ಯವಸ್ಥೆಯಲ್ಲಿ ನಿಯಮಗಳು ಮನೆಯಲ್ಲಿಟ್ಟ ಹೋಮ್‌ಪಾಡ್ ಅಥವಾ ಆಪಲ್ ಟಿವಿಯಲ್ಲಿಯೇ ನಡೆಯುತ್ತವೆ, ಆದರೆ ಆಂಡ್ರಾಯ್ಡ್ ಬಳಸುವ ಮನೆಯವರಿಗೆ ಅದರ ಬಾಗಿಲು ಮುಚ್ಚಿಯೇ ಇರುತ್ತದೆ. 2014ರಲ್ಲಿ ಸ್ಯಾಮ್‌ಸಂಗ್ ಕೊಂಡ ಸ್ಮಾರ್ಟ್‌ಥಿಂಗ್ಸ್ ಮೊದಲು ಸಂಪೂರ್ಣ ಕ್ಲೌಡ್ ಅವಲಂಬಿಯಾಗಿದ್ದು ಇತ್ತೀಚಿನ ವರ್ಷಗಳಲ್ಲಿ ಸ್ಥಳೀಯ ನಿಯಂತ್ರಣದ ಕಡೆಗೆ ಸಾಕಷ್ಟು ಸರಿದಿದೆ. ಅದರ ಮೊದಲ ಪೀಳಿಗೆಯ ಹಬ್‌ಗಳು 2021ರ ಜೂನ್‌ನಲ್ಲಿ ಕೆಲಸ ನಿಲ್ಲಿಸಿದವೆಂಬುದನ್ನೂ ಮರೆಯುವಂತಿಲ್ಲ. ಹುಬಿಟಾಟ್ ಎಂಬ ಅಮೆರಿಕದ ಸಣ್ಣ ಕಂಪನಿಯ ಹಬ್ ಎಲ್ಲ ನಿಯಮಗಳನ್ನೂ ಮನೆಯೊಳಗೇ ನಡೆಸುವುದನ್ನೇ ತನ್ನ ಹೆಗ್ಗಳಿಕೆಯಾಗಿ ಮಾಡಿಕೊಂಡಿದೆ. ಭಾರತದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಹಲವು ಬ್ರ್ಯಾಂಡ್‌ಗಳ ಬಲ್ಬು, ಪ್ಲಗ್, ಸ್ವಿಚ್ಚುಗಳ ಹಿಂದೆ ಇರುವುದು ಚೀನಾದ ಟುಯಾ ಎಂಬ ಒಂದೇ ಕಂಪನಿಯ ವೇದಿಕೆಯಾದ್ದರಿಂದ, ಹೆಸರು ಬೇರೆಯಾದರೂ ಅವುಗಳ ಸ್ವಭಾವ ಬಹುಮಟ್ಟಿಗೆ ಒಂದೇ. ವೈ-ಫೈ ಮೇಲೆ ನಡೆಯುವ ಅಂಥ ಸಾಧನಗಳು ಸಾಮಾನ್ಯವಾಗಿ ಕ್ಲೌಡ್ ಅವಲಂಬಿಗಳು.

ಇವುಗಳಿಂದ ಬೇರೆಯಾಗಿ ನಿಲ್ಲುವುದು ಹೋಮ್ ಅಸಿಸ್ಟೆಂಟ್. 2013ರಲ್ಲಿ ಪೌಲಸ್ ಸ್ಕೌಟ್ಸನ್ ಎಂಬ ಡಚ್ ತಂತ್ರಜ್ಞರು ಆರಂಭಿಸಿದ ಈ ಮುಕ್ತ ತಂತ್ರಾಂಶ 2024ರಿಂದ ಓಪನ್ ಹೋಮ್ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆಯ ಸುಪರ್ದಿಯಲ್ಲಿದೆ. ಇದರ ಸಂಕೇತ ಯಾರು ಬೇಕಾದರೂ ನೋಡುವಂತೆ ತೆರೆದಿರುವುದರಿಂದ ಮತ್ತು ಇಡೀ ಕಾರ್ಯಭಾರ ಮನೆಯ ಯಂತ್ರದಲ್ಲಿಯೇ ನಡೆಯುವುದರಿಂದ, ನಾಳೆ ಸಂಸ್ಥೆಯೇ ಇಲ್ಲವಾದರೂ ಹಾಕಿಕೊಂಡ ನಿಯಮಗಳು ನಡೆಯುತ್ತಿರುತ್ತವೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೋ ಹಳೆಯ ಲ್ಯಾಪ್‌ಟಾಪಿಗೋ ಒಂದು ಜಿಗ್‌ಬೀ ಯುಎಸ್‌ಬಿ ಕಡ್ಡಿ ಸೇರಿಸಿದರೆ ಹಬ್ ಸಿದ್ಧ. ಆ ಕಡ್ಡಿಯನ್ನು ನೇರವಾಗಿ ಸಿಕ್ಕಿಸದೆ ಒಂದು ಮೀಟರ್ ಉದ್ದದ ಕೇಬಲ್‌ನ ತುದಿಗೆ ಹಾಕಬೇಕು, ಏಕೆಂದರೆ ಯುಎಸ್‌ಬಿ 3.0 ಕಿಂಡಿಗಳು 2.4 ಗಿಗಾಹರ್ಟ್ಸ್ ಸುತ್ತ ಗದ್ದಲವೆಬ್ಬಿಸುತ್ತವೆ; ಜಿಗ್‌ಬೀ ಸರಿಯಿಲ್ಲವೆಂಬ ಅನೇಕ ದೂರುಗಳು ಇಷ್ಟರಲ್ಲಿಯೇ ಬಗೆಹರಿಯುತ್ತವೆ. ಇದರ ಬೆಲೆಯನ್ನು ಹಣದಲ್ಲಿ ಮಾತ್ರ ಎಣಿಸುವಂತಿಲ್ಲ: ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿಗಳು ಹಳೆಯ ಜೋಡಣೆಯನ್ನು ಕೆಲವೊಮ್ಮೆ ಕೆಡಿಸುತ್ತವೆ, ಮೆಮೊರಿ ಕಾರ್ಡು ಸವೆದರೆ ಎಲ್ಲವೂ ಹೋಗಬಹುದಾದ್ದರಿಂದ ಬ್ಯಾಕಪ್ ಇಡಬೇಕು, ಮತ್ತು ಇದನ್ನೆಲ್ಲ ಬಲ್ಲ ಒಬ್ಬರು ಮನೆಯಲ್ಲಿರಲೇಬೇಕು. ಆ ಒಬ್ಬರು ಪರವೂರಿಗೆ ಹೋದಾಗ ಮನೆಯಲ್ಲಿರುವ ಹಿರಿಯರು ಗೋಡೆಯ ಸ್ವಿಚ್ಚೊತ್ತಿ ದೀಪ ಹತ್ತಿಸಲು ಆಗುವಂತಿರಬೇಕು ಎಂಬುದು ಯಾವ ಹಬ್‌ಗಾದರೂ ಅನ್ವಯಿಸುವ ಕನಿಷ್ಠ ನಿಯಮ.

ಗೋಡೆಯ ಸ್ವಿಚ್ಚಿನ ಮಾತು ಬಂದುದರಿಂದ ಇಲ್ಲಿನ ವೈರಿಂಗ್ ಬಗ್ಗೆ ಎರಡು ವಿಷಯ ಹೇಳಬೇಕು. ಸ್ಮಾರ್ಟ್ ಬಲ್ಬಿಗೆ ಗೋಡೆಯಲ್ಲಿ ಕರೆಂಟು ಕಡಿದರೆ ಅದು ಜಾಲದಿಂದಲೇ ಹೊರಬೀಳುತ್ತದೆ, ಸಂದೇಶ ದಾಟಿಸುವ ಅದರ ಕೆಲಸವೂ ನಿಲ್ಲುತ್ತದೆ. ಆದುದರಿಂದ ಅಭ್ಯಾಸಬಲದಿಂದ ಸ್ವಿಚ್ ಆರಿಸುವ ಮನೆಗಳಲ್ಲಿ ಸ್ವಿಚ್ಚಿನ ಹಿಂದೆ ಕೂರಿಸುವ ಮಾಡ್ಯೂಲ್ ಬಲ್ಬಿಗಿಂತ ಮೇಲು. ಅಂಥ ಮಾಡ್ಯೂಲ್‌ಗೆ ಸಾಮಾನ್ಯವಾಗಿ ನ್ಯೂಟ್ರಲ್ ತಂತಿ ಬೇಕು. ಪ್ಲಗ್ ಸಾಕೆಟ್ ಇರುವ ಬೋರ್ಡಿನಲ್ಲಿ ಅದು ಇರುತ್ತದೆ, ಬರಿಯ ಸ್ವಿಚ್ಚುಗಳಿರುವ ಬೋರ್ಡಿಗೆ ಹಳೆಯ ಮನೆಗಳಲ್ಲಿ ಎಳೆದಿರುವುದಿಲ್ಲ. ಸಾಧನಗಳನ್ನು ಆರ್ಡರ್ ಮಾಡುವ ಮುನ್ನ ಎಲೆಕ್ಟ್ರಿಷಿಯನ್‌ನಿಂದ ಬೋರ್ಡು ಬಿಚ್ಚಿಸಿ ನೋಡುವುದು ಒಳ್ಳೆಯದು. ಇನ್ನೊಂದು, ಕರೆಂಟು ಹೋಗಿ ಬರುವ ಊರುಗಳಿಗೆ ಸಂಬಂಧಿಸಿದ್ದು: ಅನೇಕ ಸ್ಮಾರ್ಟ್ ಬಲ್ಬುಗಳು ಕರೆಂಟು ಮರಳಿದೊಡನೆ ಪೂರ್ಣ ಪ್ರಕಾಶದಲ್ಲಿ ಹತ್ತಿಕೊಳ್ಳುವುದರಿಂದ, ನಡುರಾತ್ರಿಯಲ್ಲಿ ಇಡೀ ಮನೆ ಎಚ್ಚರಗೊಳ್ಳುತ್ತದೆ. ಹಿಂದಿನ ಸ್ಥಿತಿಗೇ ಮರಳುವಂತೆ ಹೊಂದಿಸುವ ಅವಕಾಶ ಆ ಹಬ್ ಮತ್ತು ಬಲ್ಬಿನಲ್ಲಿದೆಯೇ ಎಂದು ಕೇಳಿಕೊಳ್ಳಬೇಕು. ಹಬ್ ಮತ್ತು ರೂಟರ್ ಎರಡೂ ಕೆಲವೇ ವ್ಯಾಟ್ ಬಳಸುವುದರಿಂದ ಅವನ್ನು ಯುಪಿಎಸ್‌ಗೆ ಜೋಡಿಸಿದರೆ ಹೊರೆಯಾಗದು.

ಸುರಕ್ಷತೆಯ ವಿಷಯದಲ್ಲಿ 2016ರ ಮಿರಾಯ್ ಪ್ರಕರಣವನ್ನು ನೆನೆದರೆ ಸಾಕು. ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರ್‌ಗಳನ್ನು ಹುಡುಕಿ ವಶಪಡಿಸಿಕೊಂಡ ಆ ಕುತಂತ್ರಾಂಶ ಅವುಗಳ ಸೈನ್ಯವನ್ನೇ ಕಟ್ಟಿ ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಹಲವು ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಸ್ತಬ್ಧಗೊಳಿಸಿತು. ಎಷ್ಟು ವರ್ಷ ಭದ್ರತಾ ಪರಿಷ್ಕರಣೆ ಕೊಡಲಾಗುವುದು ಎಂದು ಬರೆದು ಹೇಳದ ಕಂಪನಿಯ ಹಬ್ ಅಗ್ಗವಾಗಿದ್ದರೂ ಬೇಡ. ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಮನೆ ಖಾಲಿಯಿರುತ್ತದೆ ಎಂಬುದೆಲ್ಲ ಹಬ್‌ಗೆ ಗೊತ್ತಿರುವ ಮಾಹಿತಿ. ಭಾರತದಲ್ಲಿ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಅದಕ್ಕೊಂದು ಕಾನೂನಿನ ಚೌಕಟ್ಟು ಕೊಟ್ಟಿದೆಯಾದರೂ, ಮನೆಯಿಂದ ಹೊರಗೇ ಹೋಗದ ಮಾಹಿತಿಗೆ ಕಾನೂನಿನ ಕಾವಲೂ ಬೇಕಾಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು? ನಾಲ್ಕೈದು ದೀಪ, ಒಂದೆರಡು ಪ್ಲಗ್‌ಗಳಷ್ಟೇ ಸಾಕೆನ್ನುವವರಿಗೂ ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿರುವವರಿಗೂ ಪ್ರತ್ಯೇಕ ಹಬ್‌ನ ಅಗತ್ಯವಿಲ್ಲ, ವೈ-ಫೈ ಮೇಲಿನ ಮ್ಯಾಟರ್ ಸಾಧನಗಳೂ ಅವನ್ನು ಒಪ್ಪಿಕೊಳ್ಳುವ ಒಂದು ಸ್ಪೀಕರೂ ಸಾಕು. ಸ್ವಂತ ಮನೆಯಲ್ಲಿ ಹತ್ತಿಪ್ಪತ್ತು ಸಾಧನಗಳನ್ನು ಇಡಲು ಬಯಸಿ, ದುರಸ್ತಿಯ ರಗಳೆ ಬೇಡವೆನ್ನುವವರು ಜಿಗ್‌ಬೀ ಮತ್ತು ಥ್ರೆಡ್ ಎರಡನ್ನೂ ಬಲ್ಲ, ನಿಯಮಗಳನ್ನು ಸ್ಥಳೀಯವಾಗಿ ನಡೆಸುವ ಸಿದ್ಧ ಹಬ್ ನೋಡಬೇಕು. ಕಲಿಯುವ ಉತ್ಸಾಹವೂ ವಾರಾಂತ್ಯದ ಬಿಡುವೂ ಇರುವವರಿಗೆ ಹೋಮ್ ಅಸಿಸ್ಟೆಂಟ್‌ಗೆ ಸರಿಗಟ್ಟುವುದು ಸದ್ಯಕ್ಕೆ ಬೇರೊಂದಿಲ್ಲ. ಯಾವುದನ್ನೇ ಕೊಂಡರೂ, ಹಿಂತಿರುಗಿಸುವ ಅವಧಿ ಮುಗಿಯುವ ಮುನ್ನ ಒಂದು ಸಂಜೆ ರೂಟರ್‌ಗೆ ಹೊರಗಿನಿಂದ ಬರುವ ಇಂಟರ್ನೆಟ್ ತಂತಿಯನ್ನು ಮಾತ್ರ ಕಳಚಿ, ಹಾಕಿದ ನಿಯಮಗಳಲ್ಲಿ ಎಷ್ಟು ನಡೆಯುತ್ತವೆ ಎಂದು ನೋಡಬೇಕು. ನೀರಿನ ಮೋಟರ್ ನಿಲ್ಲದಿದ್ದರೆ, ಬೀಗ ತೆರೆಯದಿದ್ದರೆ ಆ ಪೆಟ್ಟಿಗೆಯನ್ನು ಅಂಗಡಿಗೆ ಮರಳಿಸುವುದೇ ಸರಿ.